ಹಿತ್ತಾಳೆ ಇಲ್ಲದ ವರ್ಷ

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದಂತೆ.
ನನ್ನ ಕಸುಬೇ ಅದು.

ಟೊಲೀಡೊದಲ್ಲಿ ಫೆಬ್ರವರಿ. ಅಂಗಡಿಯ ಹೀಟರು ಕೆಮ್ಮುತ್ತಿತ್ತು.
ಆರ್ಡೆಲ್ ಪ್ರುಯಿಟ್ ದಿಂಬಿನ ಚೀಲದಲ್ಲಿ ಸುತ್ತಿ ತಂದಳು
ಒಂದು ಸ್ನೇರ್ ಡ್ರಮ್ಮು,
ಯಾರದೋ ಹಳೆ ಬಾಕಿ ತೀರಿಸಲು ಬಂದವಳ ಹಾಗೆ.

"ಅಪ್ಪನದು. ಮೂವತ್ತೆಂಟನೇ ಇಸವಿಯದು.
ಡೆಟ್ರಾಯ್ಟಿನ ಹೋಟೆಲಲ್ಲಿ ಇದನ್ನೇ ಬಾರಿಸುತ್ತಿದ್ದನಂತೆ.
ಮೊಮ್ಮಗನಿಗೆ ಕೊಡಬೇಕು. ಒಂದು ಚೀಟಿ ಬರೆದುಕೊಡಿ,
ವರ್ಷ ಹಾಕಿ."

ಬ್ಯಾಡ್ಜು ನೋಡಿ ಶುರುಮಾಡುವವರು ಹೊಸಬರು.
ಬ್ಯಾಡ್ಜು ಎರವಲು ಕೋಟಿನ ಹಾಗೆ, ಯಾರ ಮೈಗಾದರೂ ಏರುತ್ತದೆ.
ಉಗ್ರಾಣದಲ್ಲಿ ಮಿಕ್ಕ ಹಳೆಯ ಬಿಲ್ಲೆಗಳನ್ನು
ಮುಗಿಯುವ ತನಕ ಜಡಿಯುತ್ತಿದ್ದರು ಕಾರ್ಖಾನೆಯವರು.
ನಂಬರಂತೂ ಈ ಕಂಪನಿ ಹಾಕಿದ್ದೇ ಇಲ್ಲ.
ನಾನು ಮೊದಲು ಮೂಸುತ್ತೇನೆ.

ಕರುವಿನ ಚರ್ಮ. ಸಿಗರೇಟು. ಬೀರುವಿನ ನುಸಿಗುಳಿಗೆ.

ಆಮೇಲೆ ಬೆರಳು.
ಬಳೆ ಎರಡೂ ಮೇಪಲ್. ಇರಲಿ, ಮೂವತ್ತೆಂಟರಲ್ಲೂ ಇದ್ದವು.
ಮೈಸುತ್ತ ಎಂಟು ಕಿವಿ, ಬಿಗಿಯುವ ತಿರುಪು ಬಂದು ಕೂರುವ ಜಾಗ:
ಅವು ನಿಕಲ್ ಇರಬೇಕಿತ್ತು,
ಇಂಥ ಚಳಿಗೆ ಬೆರಳು ಕಚ್ಚಬೇಕಿತ್ತು.
ಕಚ್ಚಲಿಲ್ಲ.
ಕರಿ ಬಣ್ಣ ಉಗುರಲ್ಲಿ ಕೆರೆದರೆ ವಾಲ್‌ನಟ್.
ತಂತಿ ಎತ್ತಿ ಇಳಿಸುವ ಸನ್ನೆಯೂ ಮರ.

ಯಾವ ವರ್ಷ ಡ್ರಮ್ಮಿಗೆ ಮರದ ಕಿವಿ ಕೆತ್ತುತ್ತಾರೆ?
ಹಿತ್ತಾಳೆಯೆಲ್ಲ ಕಾಡತೂಸಾಗಲು ಹೊರಟ ವರ್ಷ.
ವಾಷಿಂಗ್ಟನ್ನಿನಿಂದ ಕಾಗದ ಬಂದಿತ್ತು:
ವಾದ್ಯಕ್ಕೆ ಲೋಹ ತೂಕದಲ್ಲಿ ನೂರಕ್ಕೆ ಹತ್ತು ಪಾಲು.
ತಿರುಪಿಗೆ ಅಷ್ಟು, ತಂತಿಗೆ ಇಷ್ಟು,
ಆಯಿತು, ಕೈ ಝಾಡಿಸು.

ಹೇಳಲಿಲ್ಲ ಇನ್ನೂ. ಚರ್ಮ ಬಿಚ್ಚಿ ಟಾರ್ಚು ಬಿಟ್ಟೆ.
ಪದರ ಪದರ ಮಹಾಗನಿ, ನಡುವೆ ಪಾಪ್ಲರ್,
ಬೆಲ್ಲದ ಪಾಕದಂತೆ ಇಳಿದು ಕಲ್ಲಾದ ಅಂಟು.
ಅದರಡಿ ಕೆಂಪು ಶಾಯಿಯ ಮೊಹರು.
ತಿಂಗಳು ಮೇ. ಆಮೇಲೆ ನಾಲ್ಕು, ಸ್ಪಷ್ಟ.
ಅದರ ಪಕ್ಕದ್ದು ಮೂರೋ ಎಂಟೋ.
ನಲವತ್ತೆಂಟರ ಹೊತ್ತಿಗೆ ಹಿತ್ತಾಳೆ ಮನೆಗೆ ಬಂದಿತ್ತು.

"ನಲವತ್ಮೂರು," ಅಂದೆ.

ಆಕೆ ತುಟಿಯೊಳಗೇ ಲೆಕ್ಕ ಹಾಕಿದಳು.
"ಅಪ್ಪ ಹಡಗು ಹತ್ತಿದ್ದು ನಲವತ್ತೆರಡರಲ್ಲಿ.
ಬಂದದ್ದು ನಲವತ್ತಾರಕ್ಕೆ,
ಬಲಗೈಯ ಎರಡು ಬೆರಳು ಇಟಲಿಯಲ್ಲಿ ಬಿಟ್ಟು.
ಬಂದ ಮೇಲೆ ಕೋಲು ಮುಟ್ಟಲಿಲ್ಲ."

ವರ್ಷ ಹೇಳುವುದಷ್ಟೇ ನನ್ನ ಕೆಲಸ.
ಆದರೂ ಬಳೆಯನ್ನು ಕಿಟಕಿಗೆ ಹಿಡಿದೆ.
ಕೋಲಿನ ಏಟಿಗೆ ಮೇಪಲ್ ತಗ್ಗಾಗಿತ್ತು,
ನಾನು ದಿನವೂ ನೋಡುವ ಕಡೆ ಅಲ್ಲ,
ಕನ್ನಡಿಯಲ್ಲಿ ಕಂಡ ಹಾಗೆ, ಆ ಕಡೆ.
"ಬಾರಿಸಿದವರು ಎಡಚರು. ಒಂದೆರಡು ದಿನವಲ್ಲ,
ವರ್ಷಗಟ್ಟಲೆ."

ಹೀಟರು ನಿಂತಿತು. ಅದು ಆಗಾಗ ನಿಲ್ಲುತ್ತದೆ.

"ಅಮ್ಮ ಕತ್ತರಿ ಎಡಗೈಯಲ್ಲಿ ಹಿಡಿಯುತ್ತಿದ್ದಳು," ಅಂದಳು ಆರ್ಡೆಲ್.
"ಆಲೂಗಡ್ಡೆ ಸುಲಿಯುವುದೂ ಎಡಗೈ.
ಬೇಯುವ ತನಕ ಚಮಚದಲ್ಲಿ ಮೇಜು ತಟ್ಟುತ್ತಿದ್ದಳು,
ಅಪ್ಪನ ಕಾರು ಬಂದರೆ ನಿಲ್ಲಿಸುತ್ತಿದ್ದಳು.
ಸಿಟ್ಟು ಅಂದುಕೊಂಡಿದ್ದೆ ನಾನು."

ಸ್ವಲ್ಪ ಹೊತ್ತು ಬಿಟ್ಟು:
"ಮೂವತ್ತೆಂಟು ಅಂತಲೇ ಬರೆದರೆ?"
"ಬೆಲೆ ದುಪ್ಪಟ್ಟಾಗುತ್ತದೆ.
ಯುದ್ಧಕಾಲದ ಡ್ರಮ್ಮು ಯಾರಿಗೂ ಬೇಡ.
ಒಂದು ಸುತ್ತು ಜಾಸ್ತಿ ಬಿಗಿದರೆ ಮರದ ಕಿವಿ ಸೀಳುತ್ತದೆ."
"ಇವು ಸೀಳಿಲ್ಲವಲ್ಲ."

ನೋಡಿದೆ. ಒಂದೊಂದನ್ನೇ, ಹೆಬ್ಬೆರಳು ಸವರಿ.
ಎಂಟರಲ್ಲಿ ಒಂದೂ ಸೀಳಿರಲಿಲ್ಲ.
ಎಲ್ಲಿಗೆ ನಿಲ್ಲಿಸಬೇಕು ಅಂತ ತಿಳಿದಿದ್ದ ಕೈ.

ಚೀಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.
ವರ್ಷ ಮುಂದೆ ಬರೆದೆ, ಇದನ್ನು ಹಿಂದೆ,
ಮೂವತ್ತು ಡಾಲರು ತೆಗೆದುಕೊಂಡೆ.